ಗಂಡು ನೆಲಗಪ್ಪೆಯ ಹೊಟ್ಟೆಯೊಳಗೆ ಏನಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಶುರುವಾಯಿತು ಅಂದರೆ ನನಗೆ ಕಪ್ಪೆ ಪ್ರಶ್ನೆಗಳು ಬರುತ್ತವೆ. ಹಳೆಯ ವಿದ್ಯಾರ್ಥಿಗಳು ಫೋಟೋ ಕಳಿಸುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಒಬ್ಬಿಬ್ಬರು ಈಗಲೂ ಕಾಗದ ಬರೆಯುತ್ತಾರೆ. ಬಹಳ ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು, ಆದರೂ ಈ ಒಂದು ವಿಷಯ ಕೇಳಿದರೆ ಇವತ್ತಿಗೂ ಖುಷಿಯಾಗುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ಬೇಕಾದ್ದನ್ನು ಮಾತ್ರ ಓದಿಕೊಳ್ಳಬಹುದು.

## ಹೊರಗಿನಿಂದ ಕಾಣುವುದು

ನೆಲಗಪ್ಪೆ ಅಂದ್ರೆ ಯಾವುದು ಸರ್? ಎಲ್ಲಾ ಕಪ್ಪೆನೂ ಒಂದೇ ಅಲ್ವಾ?

ಅಲ್ಲ. ಸಂಜೆ ಬೀದಿದೀಪದ ಕೆಳಗೆ ಬಂದು ಕೂತು, ಬಿದ್ದ ಹುಳಗಳನ್ನು ಒಂದೊಂದಾಗಿ ನುಂಗುತ್ತದಲ್ಲ, ಮೈಯೆಲ್ಲ ಗಂಟು ಗಂಟು, ಒಣ ಚರ್ಮ, ಜಾಸ್ತಿ ದೂರ ಹಾರದೆ ಪುಟ್ಟ ಪುಟ್ಟ ನೆಗೆತ ಹಾಕುತ್ತದಲ್ಲ, ಅದು ನೆಲಗಪ್ಪೆ. ಕಣ್ಣಿನ ಹಿಂದೆ ಎರಡು ಉಬ್ಬಿದ ದಿಂಬಿನಂಥ ಗ್ರಂಥಿಗಳಿವೆ, ವಿಷ ಇರುವುದು ಅಲ್ಲಿ. ನಮ್ಮ ಕಡೆ ಮನೆ ಸುತ್ತ ಸಿಗುವ ಜಾತಿಯ ಹೆಸರು ದತ್ತಾಫ್ರೈನಸ್ ಮೆಲನೊಸ್ಟಿಕ್ಟಸ್. ಹಳೆಯ ಪುಸ್ತಕಗಳಲ್ಲಿ ಇದನ್ನೇ ಬುಫೊ ಮೆಲನೊಸ್ಟಿಕ್ಟಸ್ ಅಂತ ಓದಿರುತ್ತೀರಿ. 2006ರಲ್ಲಿ ಒಡಿಶಾದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತಾ ಅವರ ಗೌರವಕ್ಕೆ ಕುಲದ ಹೆಸರು ಬದಲಾಯಿತು. ಗದ್ದೆಯಲ್ಲಿ ವಟಗುಟ್ಟುವ ದೊಡ್ಡ ನೀರುಕಪ್ಪೆ ಬೇರೆ ಕುಟುಂಬದ್ದು. ಒಳಗಿನ ಅಂಗಗಳಲ್ಲೂ ಎರಡಕ್ಕೂ ವ್ಯತ್ಯಾಸ ಇದೆ, ಅದು ಮುಂದೆ ಬರುತ್ತದೆ.

ಗಂಡು ಕಪ್ಪೆಗೆ ಹೊರಗಡೆ ಏನೂ ಕಾಣಲ್ವಲ್ಲ, ಅದರ ಅಂಗ ಎಲ್ಲಿದೆ?

ಶಿಶ್ನ ಇಲ್ಲ. ಬಚ್ಚಿಟ್ಟುಕೊಂಡಿದೆ ಅಂತಲ್ಲ, ಇಲ್ಲವೇ ಇಲ್ಲ. ವೃಷಣಗಳು ಹೊಟ್ಟೆಯೊಳಗೆ ಬೆನ್ನಿನ ಕಡೆಗೆ ಅಂಟಿಕೊಂಡಿವೆ. ಹೊರಗೆ ಕಾಣುವುದು ಹಿಂಗಾಲುಗಳ ನಡುವಿನ ಒಂದೇ ಒಂದು ರಂಧ್ರ. ಮಲ, ಮೂತ್ರ, ವೀರ್ಯ ಮೂರೂ ಅದರಿಂದಲೇ ಬರುತ್ತವೆ. ಒಳಗಿನ ಆ ಸೇರುಕೋಣೆಗೆ ಕ್ಲೊಯಾಕ ಅನ್ನುತ್ತಾರೆ. ಹೆಣ್ಣಿಗೂ ಅಷ್ಟೇ, ಮೊಟ್ಟೆ ಬರುವುದೂ ಅದೇ ದಾರಿಯಲ್ಲಿ. ಮೊಟ್ಟೆಗೂ ವೀರ್ಯಕ್ಕೂ ಭೇಟಿಯಾಗುವುದು ದೇಹದ ಹೊರಗೆ, ನೀರಿನಲ್ಲಿ. ಹಾಗಾಗಿ ಒಳಗೆ ತಲುಪಿಸುವ ಅಂಗದ ಅಗತ್ಯವೇ ಬರಲಿಲ್ಲ.

ನಮ್ಮೂರಲ್ಲಿ ಮಳೆ ಬರದಿದ್ರೆ ಕಪ್ಪೆ ಮದುವೆ ಮಾಡ್ತಾರೆ. ಗಂಡು ಯಾವುದು ಹೆಣ್ಣು ಯಾವುದು ಅಂತ ಹೇಗೆ ಗುರುತಿಸೋದು?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಯಾಕಂದರೆ ಗುರುತು ಹಿಡಿಯುವ ಹೊತ್ತಿಗೆ ಕಪ್ಪೆಯನ್ನು ಹತ್ತಿರದಿಂದ ನೋಡಲೇಬೇಕಾಗುತ್ತದೆ.

ಮೊದಲು ಗಾತ್ರ ನೋಡಿ. ಬೆಳೆದ ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಆದರೆ ಎಳೆಯ ಹೆಣ್ಣೂ ಚಿಕ್ಕದಾಗಿಯೇ ಇರುತ್ತದೆ, ಗಾತ್ರ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಎರಡನೆಯದು ಗಂಟಲು. ಗಂಡಿಗೆ ಗಂಟಲಿನ ಚರ್ಮದ ಕೆಳಗೆ ಒಂದು ಚೀಲ ಇದೆ, ಕೂಗುವಾಗ ಬಲೂನಿನಂತೆ ಉಬ್ಬುವುದು ಅದೇ. ಮಳೆಗಾಲದಲ್ಲಿ ಅಲ್ಲಿನ ಚರ್ಮ ಸಡಿಲವಾಗಿ, ಹಳದಿ ಅಥವಾ ಕಿತ್ತಳೆ ಛಾಯೆಗೆ ತಿರುಗಿರುತ್ತದೆ. ಮೂರನೆಯದು ಮುಂಗೈ. ಒಳಬದಿಯ ಬೆರಳುಗಳ ಮೇಲೆ ಕಪ್ಪಗೆ, ಉಪ್ಪುಕಾಗದದಂತೆ ಒರಟಾದ ಮಚ್ಚೆ ಇದ್ದರೆ ಅದು ಗಂಡೇ. ತೋಳೂ ಹೆಣ್ಣಿನದಕ್ಕಿಂತ ದಪ್ಪ.

ಇನ್ನೂ ಅನುಮಾನ ಇದ್ದರೆ ಒದ್ದೆ ಕೈಯಲ್ಲಿ, ಮುಂಗಾಲುಗಳ ಹಿಂದೆ ಎರಡು ಬೆರಳಿಂದ ಮೆತ್ತಗೆ ಹಿಡಿಯಿರಿ. ಗಂಡಾದರೆ ಸಾಮಾನ್ಯವಾಗಿ ಮೈ ನಡುಗಿಸುತ್ತಾ ಚಿಕ್ಕ ಚಿಕ್ಕದಾಗಿ ಕೂಗುತ್ತದೆ. 'ಬಿಡು ಬಿಡು, ನಾನು ಗಂಡು' ಅನ್ನುವುದು ಅದರ ಅರ್ಥ. ಹೆಣ್ಣು ಹೆಚ್ಚಾಗಿ ಸುಮ್ನೆ ಇರುತ್ತದೆ. ಮದುವೆ ಮುಗಿದ ಮೇಲೆ ಎರಡನ್ನೂ ಹಿಡಿದ ಜಾಗದಲ್ಲೇ ಬಿಟ್ಟುಬಿಡಿ, ಬಿಸಿಲಲ್ಲಿ ಮೆರವಣಿಗೆ ಮಾತ್ರ ಮಾಡಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ, ಮೈ ಒಣಗಿದರೆ ಸಾಯುತ್ತದೆ.

ಮಳೆ ಬಂದ ರಾತ್ರಿ ಹಳದಿ ಕಪ್ಪೆ ನೋಡಿದೆ. ಅದೂ ಇದೇ ಜಾತಿನಾ?

ಎರಡು ಸಾಧ್ಯತೆ ಇದೆ. ನಿಂಬೆಹಣ್ಣಿನ ಹಾಗೆ ಹಳದಿ ಮೈ, ಗಂಟಲ ಎರಡೂ ಬದಿ ನೀಲಿ ಚೀಲ ಇದ್ದರೆ ಅದು ದೊಡ್ಡ ನೀರುಕಪ್ಪೆಯ ಗಂಡು. ಆದರೆ ನಮ್ಮ ನೆಲಗಪ್ಪೆಯ ಗಂಡೂ ಜೋಡಿಯಾಗುವ ಆ ಒಂದೆರಡು ರಾತ್ರಿ ಹಳದಿಗೆ ತಿರುಗುತ್ತದೆ, ಆಮೇಲೆ ಮತ್ತೆ ಮಣ್ಣಿನ ಬಣ್ಣ. ಗುಂಪಿನಲ್ಲಿ ಯಾರು ಗಂಡು ಅನ್ನುವುದು ಉಳಿದ ಗಂಡುಗಳಿಗೆ ಕಣ್ಣಿಗೇ ತಿಳಿಯಲಿ ಅನ್ನುವುದಕ್ಕೆ ಈ ಬಣ್ಣ ಸಹಾಯ ಮಾಡುತ್ತದೆ.

ಗಂಡು ಹೆಣ್ಣಿನ ಬೆನ್ನ ಮೇಲೆ ಗಂಟೆಗಟ್ಟಲೆ ಕೂತಿರುತ್ತಲ್ಲ, ಅಷ್ಟು ಹೊತ್ತು ಏನು ಮಾಡ್ತಿರುತ್ತೆ?

ಕಾಯುತ್ತಿರುತ್ತದೆ. ನಾವು ಅಂದುಕೊಳ್ಳುವ ಅರ್ಥದ ಕೂಡುವಿಕೆ ಅಲ್ಲಿ ನಡೆಯುತ್ತಿಲ್ಲ. ಗಂಡು ಹಿಂದಿನಿಂದ ಹೆಣ್ಣಿನ ಕಂಕುಳಲ್ಲಿ ಕೈ ತೂರಿಸಿ ಬಿಗಿಯಾಗಿ ತಬ್ಬಿಕೊಂಡಿರುತ್ತದೆ. ಬೆರಳ ಮೇಲಿನ ಒರಟು ಮಚ್ಚೆ ಕೆಲಸಕ್ಕೆ ಬರುವುದು ಇಲ್ಲಿ, ಒದ್ದೆ ಮೈ ಜಾರದ ಹಾಗೆ ಹಿಡಿತ ಕೊಡುತ್ತದೆ. ಹೆಣ್ಣು ಗಂಡನ್ನು ಹೊತ್ತುಕೊಂಡೇ ನೀರಿನಲ್ಲಿ ಓಡಾಡಿ ಜಾಗ ಹುಡುಕುತ್ತದೆ. ಅದು ಮೊಟ್ಟೆ ಬಿಡಲು ಶುರು ಮಾಡಿದಾಗ ಗಂಡು ತನ್ನ ರಂಧ್ರವನ್ನು ಹತ್ತಿರ ತಂದು ವೀರ್ಯವನ್ನು ನೀರಿಗೆ, ಮೊಟ್ಟೆಗಳ ಮೇಲೆ ಬಿಡುತ್ತದೆ. ಹೊತ್ತು ತಪ್ಪಿದರೆ ಎಲ್ಲಾ ವ್ಯರ್ಥ, ಅದಕ್ಕೇ ಅಷ್ಟು ಬಿಗಿ ಹಿಡಿತ.

ಮೊಟ್ಟೆ ನೋಡಬೇಕೆಂದರೆ ಬೆಳಗ್ಗೆ ಎದ್ದು ಹೊಂಡದ ಹತ್ತಿರ ಹೋಗಿ. ಲೋಳೆಯ ಉದ್ದನೆಯ ದಾರ, ಒಳಗೆ ಕಪ್ಪು ಮಣಿ ಪೋಣಿಸಿದ ಹಾಗೆ ಮೊಟ್ಟೆಗಳು, ಗಿಡಗಳ ಸುತ್ತ ಸುತ್ತಿಕೊಂಡಿರುತ್ತವೆ. ನೀರುಕಪ್ಪೆಯ ಮೊಟ್ಟೆ ಹೀಗೆ ಸರದಂತೆ ಇರುವುದಿಲ್ಲ. ಸರ ಕಂಡರೆ ನೆಲಗಪ್ಪೆ ಅಂತ ಧೈರ್ಯವಾಗಿ ಹೇಳಬಹುದು.

ಒಂದು ಗಂಡು ಇನ್ನೊಂದು ಗಂಡನ್ನೇ ಹಿಡ್ಕೊಂಡಿತ್ತು. ನನ್ನ ಬೂಟಿನ ತುದಿನೂ ಹಿಡಿದಿತ್ತು! ಅದಕ್ಕೆ ಏನಾಗಿದೆ?

ಏನೂ ಆಗಿಲ್ಲ, ಆರೋಗ್ಯವಾಗಿಯೇ ಇದೆ. ಮಳೆಯ ಆ ರಾತ್ರಿಗಳಲ್ಲಿ ಗಂಡಿನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನು ತುಂಬಿರುತ್ತದೆ. ಕತ್ತಲು, ಕೆಸರು, ನೂರಾರು ಗಂಡುಗಳ ಗದ್ದಲ, ಹೆಣ್ಣುಗಳು ಕೆಲವೇ ಕೆಲವು. ಅಂಥ ಕಡೆ ಯೋಚಿಸುತ್ತಾ ಕೂತ ಗಂಡಿಗೆ ಹೆಣ್ಣು ಸಿಗುವುದಿಲ್ಲ. ಹಾಗಾಗಿ ಅಲುಗಾಡಿದ್ದನ್ನೆಲ್ಲ ಹಿಡಿಯುವುದು, ತಪ್ಪಾದರೆ ಬಿಡುವುದು. ಹಿಡಿಸಿಕೊಂಡ ಗಂಡು ಆ 'ಬಿಡು' ಕೂಗು ಹಾಕುತ್ತದೆ, ಹಿಡಿದದ್ದು ಬಿಡುತ್ತದೆ. ನಿಮ್ಮ ಬೂಟು ಕೂಗಲಿಲ್ಲ, ಅದಕ್ಕೇ ಬಿಟ್ಟಿಲ್ಲ. ಇದರಲ್ಲಿ ಬೇಸರದ ಸಂಗತಿಯೂ ಇದೆ. ನಾಲ್ಕೈದು ಗಂಡು ಒಂದೇ ಹೆಣ್ಣಿನ ಮೇಲೆ ಬಿದ್ದು ಉಂಡೆಯಾಗಿಬಿಟ್ಟರೆ ಕೆಲವೊಮ್ಮೆ ಹೆಣ್ಣು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ಕೈಗೆತ್ತಿಕೊಂಡ್ರೆ ಉಚ್ಚೆ ಹೊಯ್ಯುತ್ತೆ. ಅದು ತಾಗಿದ್ರೆ ನರಹುಲಿ ಬರುತ್ತಾ? ಮಗು ಮುಟ್ಟಿಬಿಟ್ಟಿದೆ.

ಬರುವುದಿಲ್ಲ. ನರಹುಲಿ ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್‌ನಿಂದ ಬರುತ್ತದೆ, ಕಪ್ಪೆಯ ಮೈಮೇಲಿನ ಗಂಟಿಗೂ ಅದಕ್ಕೂ ಸಂಬಂಧ ಇಲ್ಲ. ಹೊಯ್ದದ್ದು ಹೆಚ್ಚು ಕಮ್ಮಿ ನೀರೇ. ಒಣ ದಿನಗಳಿಗೆ ಅಂತ ಅದು ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಂಡು ಬೇಕಾದಾಗ ಮತ್ತೆ ಮೈಗೆ ಹೀರಿಕೊಳ್ಳುತ್ತದೆ. ನೀವು ಹೆದರಿಸಿದಾಗ ಆ ಉಳಿತಾಯವನ್ನು ಚೆಲ್ಲಿಬಿಡುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಸುಮ್ಮನೆ ಎತ್ತಿಕೊಳ್ಳುವುದು ಬೇಡ. ಮಗುವಿನ ಕೈಯನ್ನು ಸೋಪು ಹಾಕಿ ತೊಳೆಸಿ, ಕಣ್ಣು ಬಾಯಿ ಮುಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ. ಅದು ಕಣ್ಣ ಹಿಂದಿನ ಗ್ರಂಥಿಯ ವಿಷದ ಸಲುವಾಗಿ.

## ಹೊಟ್ಟೆಯೊಳಗೆ

ವೃಷಣ ನೋಡೋಕೆ ಹೇಗಿರುತ್ತೆ? ಎರಡಿದೆಯಾ?

ಎರಡಿದೆ. ಬೆನ್ನುಮೂಳೆಯ ಎರಡೂ ಬದಿ, ಮೂತ್ರಪಿಂಡಗಳ ಹೊಟ್ಟೆ ಕಡೆಯ ಮುಖಕ್ಕೆ ತೆಳುವಾದ ಪೊರೆಯಿಂದ ತೂಗಿಕೊಂಡಿರುತ್ತವೆ. ನೀರುಕಪ್ಪೆಯಲ್ಲಿ ಅವು ಗುಂಡಗೆ, ಮೊಟ್ಟೆಯಾಕಾರ. ನೆಲಗಪ್ಪೆಯಲ್ಲಿ ಉದ್ದಕ್ಕೆ, ಎಳೆ ಹುರುಳಿಕಾಯಿಯ ತುಂಡಿನ ಹಾಗೆ, ಹಳದಿ ಮಿಶ್ರಿತ ಬಿಳುಪು. ಪುಸ್ತಕದ ಚಿತ್ರದಲ್ಲಿ ಗುಂಡಗಿದ್ದು, ನೀವು ನೋಡಿದ್ದು ಉದ್ದಕ್ಕಿದ್ದರೆ ಗಾಬರಿ ಬೇಡ. ಪುಸ್ತಕದವರು ನೀರುಕಪ್ಪೆಯ ಚಿತ್ರ ಹಾಕಿರುತ್ತಾರೆ.

ಒಳಗೆಲ್ಲ ಸುರುಳಿ ಸುತ್ತಿದ ಸಣ್ಣ ನಳಿಕೆಗಳು. ನಳಿಕೆಯೊಳಗೆ ಪುಟ್ಟ ಪುಟ್ಟ ಗೂಡುಗಳು. ಒಂದು ಗೂಡಿನ ಜೀವಕೋಶಗಳೆಲ್ಲ ಒಟ್ಟಿಗೆ ಒಂದೇ ಹಂತದಲ್ಲಿ ಬೆಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ನೋಟ ನೋಡಿದರೆ ಮರೆಯುವ ಹಾಗಿಲ್ಲ. ಬಲಿತ ವೀರ್ಯಾಣುಗಳು ಪೊರಕೆಯ ಕಡ್ಡಿ ಕಟ್ಟಿದ ಹಾಗೆ, ತಲೆ ಎಲ್ಲ ಒಂದೇ ಕಡೆ ಮಾಡಿಕೊಂಡು ನಿಂತಿರುತ್ತವೆ. ನಳಿಕೆಗಳ ನಡುವಿನ ಸಂದಿಯಲ್ಲಿರುವ ಜೀವಕೋಶಗಳು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ. ಬೆರಳ ಮಚ್ಚೆ, ದಪ್ಪ ತೋಳು, ಕೂಗು ಎಲ್ಲವೂ ಅದರ ಕೈಕೆಳಗೆ.

ವೀರ್ಯ ಮೂತ್ರಪಿಂಡದ ಮೂಲಕ ಹೋಗುತ್ತೆ ಅಂತ ನೋಟ್ಸ್‌ನಲ್ಲಿದೆ. ತಪ್ಪು ಬರ್ಕೊಂಡಿದೀನಾ?

ಸರಿಯಾಗಿಯೇ ಬರೆದುಕೊಂಡಿದ್ದೀರಿ. ವೃಷಣದಿಂದ ಕೂದಲಿನಂಥ ಹಲವು ನಾಳಗಳು ಹೊರಟು, ತೂಗು ಪೊರೆಯನ್ನು ದಾಟಿ ನೇರ ಮೂತ್ರಪಿಂಡದೊಳಗೆ ಹೋಗುತ್ತವೆ. ಅಲ್ಲಿಂದ ಮೂತ್ರದ ನಾಳಕ್ಕೆ, ಅಲ್ಲಿಂದ ಕ್ಲೊಯಾಕಕ್ಕೆ. ಅಂದರೆ ಗಂಡಿನಲ್ಲಿ ಆ ನಾಳ ಮೂತ್ರಕ್ಕೂ ವೀರ್ಯಕ್ಕೂ ಒಂದೇ. ಹೆಣ್ಣಿನಲ್ಲಿ ಹೀಗಿಲ್ಲ, ಮೊಟ್ಟೆಗೆ ಬೇರೆಯದೇ ಅಂಡನಾಳ ಇದೆ. ಪರೀಕ್ಷೆಯಲ್ಲಿ ಗಂಡು ಕಪ್ಪೆಯ ಮೂತ್ರಜನನಾಂಗ ವ್ಯೂಹ ಅಂತ ಎರಡನ್ನೂ ಸೇರಿಸಿ ಕೇಳುವುದು ಇದೇ ಕಾರಣಕ್ಕೆ.

ಒಳಗಿರುವಷ್ಟು ಹೊತ್ತು ವೀರ್ಯಾಣುಗಳು ಸ್ತಬ್ಧ. ಹೊರಗೆ ಸಿಹಿನೀರು ತಾಗಿತೋ, ಆ ನೀರಿನಲ್ಲಿ ಲವಣ ಕಡಿಮೆ ಅನ್ನುವುದೇ ಅವುಗಳಿಗೆ ಸೂಚನೆ, ಆಗ ಬಾಲ ಬಡಿಯಲು ಶುರು. ಶಕ್ತಿ ಇರುವುದು ಸ್ವಲ್ಪ ಹೊತ್ತಿಗೆ ಮಾತ್ರ. ಗಂಡು ಹೆಣ್ಣಿನ ಮೈಗೆ ಅಂಟಿಕೊಂಡೇ ಯಾಕಿರಬೇಕು ಅನ್ನುವುದಕ್ಕೆ ಇದೂ ಒಂದು ಉತ್ತರ.

ವೃಷಣದ ಹತ್ತಿರ ಹಳದಿ ಬೆರಳುಗಳ ಹಾಗೆ ಜೋತಾಡ್ತಾ ಇರೋದು ಏನು?

ಕೊಬ್ಬಿನ ಕಾಯಗಳು. ಬುತ್ತಿಗಂಟು ಅಂದುಕೊಳ್ಳಿ. ಇದರ ಗಾತ್ರ ಕಾಲಕ್ಕೆ ತಕ್ಕಂತೆ ಏರುಪೇರಾಗುತ್ತದೆ, ಕಪ್ಪೆ ಚೆನ್ನಾಗಿ ತಿಂದ ಕಾಲದಲ್ಲಿ ತುಂಬಿ, ಖರ್ಚಿನ ಕಾಲದಲ್ಲಿ ಸೊರಗಿ. ನಮ್ಮ ಕಪ್ಪೆಗಳ ವೃಷಣ, ಅಂಡಾಶಯಗಳು ವರ್ಷದ ಉದ್ದಕ್ಕೂ ಹೇಗೆ ಬದಲಾಗುತ್ತವೆ ಅನ್ನುವುದರ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್. ಕೆ. ಸೈದಾಪುರ ಮತ್ತು ಅವರ ಶಿಷ್ಯರು ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಕಪ್ಪೆಗಳ ಸಂತಾನದ ವಿಜ್ಞಾನದಲ್ಲಿ ಧಾರವಾಡಕ್ಕೆ ದೊಡ್ಡ ಹೆಸರಿದೆ. ನಮ್ಮ ಮಕ್ಕಳಿಗೆ ಇದು ಗೊತ್ತೇ ಇಲ್ಲ ಅನ್ನುವುದು ನನಗೆ ನೋವಿನ ವಿಷಯ.

ವೃಷಣದ ಮುಂದಿನ ತುದಿಯಲ್ಲಿ ಇನ್ನೊಂದು ಚಿಕ್ಕ ಗಂಟು ಇತ್ತು. ಲ್ಯಾಬ್‌ನಲ್ಲಿ ಯಾರೂ ಹೇಳಲಿಲ್ಲ. ಅದೇನು?

ಈ ಪುಟವನ್ನು ನಾನು ಬರೆಯಲು ಕೂತದ್ದೇ ಈ ಒಂದು ಪ್ರಶ್ನೆಗಾಗಿ.

ನಾನು ಡಿಗ್ರಿ ಓದುವಾಗ ನನಗೂ ಅದು ಕಂಡಿತ್ತು. ಕಿತ್ತಳೆ ಛಾಯೆ, ಮೇಲ್ಮೈ ರವೆ ಮೆತ್ತಿದ ಹಾಗೆ. ಏನಿದು ಅಂತ ಕೇಳಿದೆ. 'ಕೊಬ್ಬು ಕಣೋ, ಕೆರೆದು ತೆಗಿ' ಅಂದರು. ತೆಗೆದೆ. ಎಷ್ಟೋ ವರ್ಷಗಳ ನಂತರ, ಪಾಠಕ್ಕೆ ತಯಾರಿ ಮಾಡಿಕೊಳ್ಳುವಾಗ ಗೊತ್ತಾಯಿತು, ಆ ದಿನ ಚಿಮಟದಲ್ಲಿ ಎತ್ತಿ ಬಿಸಾಕಿದ್ದು ಆ ಪ್ರಾಣಿಯ ದೇಹದಲ್ಲೇ ಅತಿ ಅಪರೂಪದ ಅಂಗ ಅಂತ.

ಅದರ ಹೆಸರು ಬಿಡರ್ ಅಂಗ. ಈಗಿನ ಎಸ್ಟೋನಿಯಾದ ಟಾರ್ಟು, ಆಗಿನ ಡೋರ್ಪಾಟ್ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರೆಡ್ರಿಕ್ ಬಿಡರ್ ಅವರ ಹೆಸರು ಅದಕ್ಕೆ ಬಂದಿದೆ. ಕಪ್ಪೆಗಳಂಥ ಪ್ರಾಣಿಗಳಲ್ಲಿ ಗಂಡಿನ ಜನನಾಂಗ ಮತ್ತು ಮೂತ್ರಾಂಗಗಳ ಬಗ್ಗೆ ಅವರ ಪುಸ್ತಕ 1846ರಲ್ಲಿ ಬಂತು.

ಈಗ ವಿಷಯಕ್ಕೆ ಬರೋಣ. ಆ ಗಂಟನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆ ಕಾಣುವುದು ಎಳೆಯ ಮೊಟ್ಟೆಗಳು. ಹೌದು, ಗಂಡಿನ ಹೊಟ್ಟೆಯಲ್ಲಿ. ವೀರ್ಯ ತಯಾರಿಸುತ್ತಿರುವ, ಮಳೆಯಲ್ಲಿ ಕೂಗಿ ಹೆಣ್ಣು ಕರೆಯುವ, ಪೂರ್ತಿ ಗಂಡಾದ ಗಂಡಿನ ವೃಷಣದ ತುದಿಯಲ್ಲಿ ಒಂದು ಪುಟ್ಟ ಅಂಡಾಶಯದ ಮೊಳಕೆ ಜೀವನಪೂರ್ತಿ ಕೂತಿರುತ್ತದೆ. ಈ ಮೊಟ್ಟೆಗಳು ಒಂದು ಹಂತದವರೆಗೆ ಬೆಳೆದು ಅಲ್ಲೇ ನಿಲ್ಲುತ್ತವೆ, ಭಂಡಾರ, ಅಂದರೆ ಮರಿಗೆ ಬೇಕಾದ ಆಹಾರ, ತುಂಬಿಕೊಳ್ಳುವುದಿಲ್ಲ, ಹೊರಗೆ ಬರುವುದಿಲ್ಲ. ಇದು ರೋಗವೂ ಅಲ್ಲ, ಊನವೂ ಅಲ್ಲ. ಪ್ರತಿ ಗಂಡಿನಲ್ಲೂ ಇದೆ, ಗೊದಮೊಟ್ಟೆಯ ಕಾಲದಲ್ಲೇ, ವೃಷಣ ಇನ್ನೂ ವೃಷಣ ಅನ್ನಿಸಿಕೊಳ್ಳುವ ಮೊದಲೇ ಹುಟ್ಟಿರುತ್ತದೆ. ನೆಲಗಪ್ಪೆಗಳ ಕುಟುಂಬದಲ್ಲಿ ಮಾತ್ರ ಸಿಗುವ ಅಂಗ ಇದು. ಆ ಕುಟುಂಬದಲ್ಲೂ ದಕ್ಷಿಣ ಅಮೆರಿಕದ ಮೆಲನೊಫ್ರಿನಿಸ್ಕಸ್ ಥರದ ಕೆಲವಕ್ಕೆ ಇಲ್ಲ. ನೀರುಕಪ್ಪೆಯಲ್ಲಿ, ಮರಗಪ್ಪೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಗಂಡಿನ ಹೊಟ್ಟೇಲಿ ಅಂಡನಾಳನೂ ಇರುತ್ತಂತೆ? ಇದು ಜಾಸ್ತಿ ಆಯ್ತು ಅನ್ಸುತ್ತೆ.

ಇದೆ, ದಾರದಷ್ಟು ತೆಳ್ಳಗೆ. ಭ್ರೂಣದಲ್ಲಿ ಗಂಡಿಗೂ ಹೆಣ್ಣಿಗೂ ಎರಡು ಥರದ ನಾಳಗಳ ತಯಾರಿ ನಡೆಯುತ್ತದೆ. ನಮ್ಮಂಥ ಸಸ್ತನಿಗಳ ಗಂಡಿನಲ್ಲಿ ಹೆಣ್ಣುನಾಳ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಗಂಡು ನೆಲಗಪ್ಪೆಯಲ್ಲಿ ಅದು ಕೆಲಸವಿಲ್ಲದೆ, ಆದರೆ ಅಳಿಸಿಹೋಗದೆ ಮೂತ್ರಪಿಂಡದ ಪಕ್ಕದಲ್ಲಿ ಉಳಿದುಬಿಡುತ್ತದೆ.

## ಇನ್ನೂ ಆಳಕ್ಕೆ

ವೃಷಣ ತೆಗೆದ್ರೆ ಗಂಡು ಕಪ್ಪೆ ಹೆಣ್ಣಾಗಿ ಮೊಟ್ಟೆ ಇಡುತ್ತೆ ಅಂತ ಒಬ್ಬರು ಹೇಳಿದ್ರು. ಕಟ್ಟುಕಥೆ ತಾನೇ?

ನಿಜ. 1920ರ ದಶಕದಲ್ಲಿ ಜಿನೀವಾದ ಕಿಟ್ಟಿ ಪಾನ್ಸ್ ಅನ್ನುವ ಮಹಿಳೆ ಇದನ್ನು ಮಾಡಿ ತೋರಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಹಾರ್ಮ್ಸ್ ಕೂಡ ಇದೇ ಕೆಲಸದಲ್ಲಿದ್ದರು. ಅವರು ಬಳಸಿದ್ದು ಯುರೋಪಿನ ಸಾಮಾನ್ಯ ನೆಲಗಪ್ಪೆ. ವೃಷಣ ಮಾತ್ರ ತೆಗೆದು ಬಿಡರ್ ಅಂಗವನ್ನು ಹಾಗೇ ಬಿಟ್ಟರು. ವೃಷಣ ಇರುವಷ್ಟು ದಿನ ಅದರ ಪ್ರಭಾವದಿಂದ ಬಿಡರ್ ಅಂಗ ಅಡಗಿ ಕೂತಿರುತ್ತದೆ. ತಡೆ ಹೋಯಿತು, ಅದು ನಿಧಾನವಾಗಿ ಬೆಳೆಯಿತು, ಮೊಟ್ಟೆಗಳು ಭಂಡಾರ ತುಂಬಿಕೊಂಡವು, ಹಿಂದಿನ ಉತ್ತರದಲ್ಲಿ ಹೇಳಿದ ಆ ದಾರದಂಥ ಅಂಡನಾಳವೂ ದಪ್ಪಗಾಯಿತು. ಗಂಡಾಗಿ ಹುಟ್ಟಿದ ಕಪ್ಪೆ ಮೊಟ್ಟೆ ಇಟ್ಟಿತು. ಮಾಮೂಲಿ ಗಂಡಿನ ವೀರ್ಯ ತಾಗಿ ಆ ಮೊಟ್ಟೆಗಳಿಂದ ಮರಿಗಳೂ ಬಂದವು.

ಬಂದ ಮರಿಗಳೆಲ್ಲ ಗಂಡು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮನುಷ್ಯರಲ್ಲಿ ಗಂಡು ಹೆಣ್ಣು ನಿರ್ಧರಿಸುವ ವರ್ಣತಂತು (ಕ್ರೋಮೊಸೋಮ್) ಗಂಡಿಗೆ ಎಕ್ಸ್ ವೈ, ಹೆಣ್ಣಿಗೆ ಎಕ್ಸ್ ಎಕ್ಸ್. ಈ ಕಪ್ಪೆಯಲ್ಲೂ ಹಾಗೇ ಇದ್ದಿದ್ದರೆ, ಇಬ್ಬರು ಗಂಡುಗಳ ಮಕ್ಕಳಲ್ಲಿ ಹೆಣ್ಣೂ ಬರಬೇಕಿತ್ತು. ಬರಲಿಲ್ಲ ಅಂದರೆ ಗಂಡಿನಲ್ಲಿ ಎರಡೂ ವರ್ಣತಂತು ಒಂದೇ ಥರ ಇರಬೇಕು, ಬೇರೆ ಬೇರೆ ಇರುವುದು ಹೆಣ್ಣಿನಲ್ಲಿ. ಕೋಳಿಯಲ್ಲಿ ಇರುವ ಹಾಗೆ. ವರ್ಣತಂತುಗಳನ್ನು ಕಣ್ಣಿಂದ ನೋಡಿ ಗಂಡು ಹೆಣ್ಣು ಹೇಳಲಾಗದಿದ್ದ ಕಾಲದಲ್ಲಿ, ಒಂದು ಕೊಬ್ಬಿನ ಗಂಟಿನಂಥ ಅಂಗವನ್ನು ನಂಬಿ ವರ್ಷಗಟ್ಟಲೆ ಕಾದು ಕಂಡುಕೊಂಡ ಉತ್ತರ ಇದು. ಪಾನ್ಸ್ ಅವರ ತಾಳ್ಮೆ ನೆನೆದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಾಗಾದ್ರೆ ಬಿಡರ್ ಅಂಗ ಇರೋದು ಯಾಕೆ? ವೃಷಣಕ್ಕೆ ಪೆಟ್ಟಾದ್ರೆ ಅಂತ ಸ್ಪೇರ್ ಟಯರ್ ಥರನಾ?

ಹೋಲಿಕೆ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಕಾಡಿನಲ್ಲಿ ಎರಡೂ ವೃಷಣ ಕಳೆದುಕೊಂಡು ಬದುಕುವ ಕಪ್ಪೆ ಎಷ್ಟು ಸಿಕ್ಕೀತು ಹೇಳಿ? ಅಂಥ ಒಂದು ಅಪಘಾತಕ್ಕಾಗಿ ನೂರಾರು ಜಾತಿಗಳ ಕೋಟಿಗಟ್ಟಲೆ ಗಂಡುಗಳು ಒಂದು ಅಂಗ ಹೊತ್ತು ತಿರುಗುವುದು ನಂಬುವ ಮಾತಲ್ಲ. ಈ ಅಂಗ ಸುಮ್ನೆ ಕೂತಿಲ್ಲ, ಹಾರ್ಮೋನು ತಯಾರಿಕೆಯಲ್ಲೂ ಅದಕ್ಕೆ ಕೈ ಇದೆ ಅನ್ನುವುದಕ್ಕೆ ದಕ್ಷಿಣ ಅಮೆರಿಕದ ನೆಲಗಪ್ಪೆಗಳಲ್ಲಿ ಆಧಾರ ಸಿಕ್ಕಿದೆ. ಆ ದಾರಿಯಲ್ಲೇ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಿಂದೆ ಬಸುರಿ ಹೌದೋ ಅಲ್ವೋ ಅಂತ ನೋಡೋಕೆ ಕಪ್ಪೆ ಬಳಸ್ತಿದ್ರಂತೆ. ಅಜ್ಜಿ ಹೇಳಿದ್ದು. ನಿಜನಾ?

ಅಜ್ಜಿ ಸರಿಯಾಗಿಯೇ ಹೇಳಿದ್ದಾರೆ. ಅದಕ್ಕಿಂತ ಮೊದಲು ಇಲಿ, ಮೊಲಗಳಿಗೆ ಹೆಂಗಸಿನ ಮೂತ್ರ ಚುಚ್ಚಿ, ದಿನಗಟ್ಟಲೆ ಕಾದು, ಪ್ರಾಣಿಯನ್ನು ಕೊಯ್ದು ಅಂಡಾಶಯ ನೋಡಬೇಕಿತ್ತು. 1947ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಗಾಲ್ಲಿ ಮೈನಿನಿ ಗಂಡು ನೆಲಗಪ್ಪೆಯ ಪರೀಕ್ಷೆ ಪ್ರಕಟಿಸಿದರು. ಬಸುರಿಯ ಮೂತ್ರದಲ್ಲಿ ಎಚ್‌ಸಿಜಿ ಅನ್ನುವ ಹಾರ್ಮೋನು ಇರುತ್ತದೆ. ಆ ಮೂತ್ರವನ್ನು ಗಂಡು ಕಪ್ಪೆಯ ಬೆನ್ನಿನ ಚರ್ಮದ ಕೆಳಗೆ ಚುಚ್ಚುತ್ತಾರೆ. ಕಪ್ಪೆಯ ವೃಷಣ ಅದನ್ನು ಮಿದುಳಿನ ಕೆಳಗಿರುವ ತನ್ನದೇ ಪಿಟ್ಯುಟರಿ ಗ್ರಂಥಿಯ ಆಜ್ಞೆ ಅಂದುಕೊಂಡು ವೀರ್ಯ ಬಿಡುತ್ತದೆ. ಮೂತ್ರಕ್ಕೂ ವೀರ್ಯಕ್ಕೂ ಒಂದೇ ದಾರಿ ಅಂದೆನಲ್ಲ, ಹಾಗಾಗಿ ಎರಡು ಮೂರು ಗಂಟೆಯಲ್ಲಿ ಕಪ್ಪೆಯ ಮೂತ್ರದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೀರ್ಯಾಣುಗಳು ಕಾಣುತ್ತವೆ. ಕಂಡರೆ ಬಸುರಿ. ಕಪ್ಪೆಯನ್ನು ಕೊಲ್ಲಬೇಕಿಲ್ಲ, ಒಂದಷ್ಟು ದಿನ ಬಿಟ್ಟು ಅದನ್ನೇ ಮತ್ತೆ ಬಳಸಬಹುದು.

ಒಂದು ಎಚ್ಚರಿಕೆ ಬೇಕಿತ್ತು. ಹೆಣ್ಣನ್ನು ತಬ್ಬಿದ್ದ ಗಂಡನ್ನು ಆಗಷ್ಟೇ ಹಿಡಿದು ತಂದಿದ್ದರೆ ಚುಚ್ಚದೆಯೇ ಮೂತ್ರದಲ್ಲಿ ವೀರ್ಯಾಣು ಇರುತ್ತವೆ. ಆದ್ದರಿಂದ ಮೊದಲೇ ಒಂದು ಹನಿ ನೋಡಿಕೊಳ್ಳಬೇಕು. ಭಾರತದಲ್ಲಿ ಇದೇ ಕೆಲಸಕ್ಕೆ ನಮ್ಮ ಈ ಮನೆಯಂಗಳದ ನೆಲಗಪ್ಪೆಯನ್ನೇ ಬಳಸಿದರು. 1960ರ ನಂತರ ಜೀವಂತ ಪ್ರಾಣಿ ಬೇಡದ ಪರೀಕ್ಷೆಗಳು ಬಂದವು, ಕಪ್ಪೆಗಳಿಗೆ ಬಿಡುಗಡೆ ಆಯಿತು.

ಅದೇ ಉಪಾಯ ಈಗ ಕಪ್ಪೆಗಳಿಗೇ ಸಹಾಯ ಮಾಡುತ್ತಿದೆ. ಅಮೆರಿಕದ ವಯೋಮಿಂಗ್ ನೆಲಗಪ್ಪೆ, ಪೋರ್ಟೊರಿಕೊದ ಜುಟ್ಟಿನ ನೆಲಗಪ್ಪೆ, ಇವು ಅಳಿವಿನ ಅಂಚಿನಲ್ಲಿವೆ. ಹಾರ್ಮೋನು ಕೊಟ್ಟು, ಗಂಡಿಗೆ ನೋವಾಗದ ಹಾಗೆ ಮೂತ್ರದಲ್ಲಿ ವೀರ್ಯ ಸಂಗ್ರಹಿಸಿ, ಮೊಟ್ಟೆಗೆ ಸೇರಿಸಿ ಮರಿ ಮಾಡುತ್ತಾರೆ.

ಬೆರಳ ಮೇಲಿನ ಕಪ್ಪು ಮಚ್ಚೆ ವಿಷಯಕ್ಕೆ ಒಬ್ಬ ವಿಜ್ಞಾನಿ ಪ್ರಾಣ ಕಳ್ಕೊಂಡ ಅಂತಾರಲ್ಲ, ಯಾರು?

ವಿಯೆನ್ನಾದ ಪಾಲ್ ಕಮ್ಮರರ್. ಸೂಲಗಿತ್ತಿ ಕಪ್ಪೆ ಅಂತ ಯುರೋಪಿನಲ್ಲಿ ಒಂದಿದೆ, ನಮ್ಮ ನೆಲಗಪ್ಪೆಯ ಕುಟುಂಬದ್ದಲ್ಲ. ಅದು ನೆಲದ ಮೇಲೇ ಜೋಡಿಯಾಗುತ್ತದೆ, ಆಮೇಲೆ ಮೊಟ್ಟೆಯ ಸರವನ್ನು ಗಂಡು ತನ್ನ ಹಿಂಗಾಲಿಗೆ ಸುತ್ತಿಕೊಂಡು ತಿರುಗುತ್ತದೆ. ಅದರ ಗಂಡಿಗೆ ಬೆರಳ ಮಚ್ಚೆ ಇಲ್ಲ. ಒಣ ಮೈ ಹಿಡಿಯಲು ಬೇಕಿಲ್ಲವಲ್ಲ. ಆ ಕಪ್ಪೆಗಳನ್ನು ತಲೆಮಾರುಗಳ ಕಾಲ ನೀರಿನಲ್ಲಿ ಜೋಡಿಯಾಗಿಸಿದಾಗ ಗಂಡುಗಳಿಗೆ ಮಚ್ಚೆ ಬಂತು, ಅದು ಮಕ್ಕಳಿಗೂ ಹೋಯಿತು ಅಂತ ಕಮ್ಮರರ್ ಹೇಳಿದ. ಬದುಕಿನಲ್ಲಿ ಗಳಿಸಿದ ಗುಣ ಮಕ್ಕಳಿಗೆ ಬರುತ್ತದೆ ಅನ್ನುವ ದೊಡ್ಡ ವಾದಕ್ಕೆ ಅದು ಸಾಕ್ಷಿಯಾಗಿತ್ತು. 1926ರ ಆಗಸ್ಟ್‌ನಲ್ಲಿ ಅಮೆರಿಕದ ಜಿ. ಕೆ. ನೋಬಲ್ ಉಳಿದಿದ್ದ ಮಾದರಿಯನ್ನು ಪರೀಕ್ಷಿಸಿದ ವಿವರ ಪ್ರಕಟಿಸಿದರು. ಅದರಲ್ಲಿ ಮಚ್ಚೆಯ ಒರಟು ಮುಳ್ಳುಗಳೇ ಇರಲಿಲ್ಲ, ಕಪ್ಪು ಬಣ್ಣ ಶಾಯಿಯದಾಗಿತ್ತು. ಎರಡು ತಿಂಗಳು ಕಳೆಯುವ ಮೊದಲೇ ಕಮ್ಮರರ್ ತನ್ನ ಜೀವ ತೆಗೆದುಕೊಂಡ. ಶಾಯಿ ಹಾಕಿದ್ದು ಆತನೇನಾ, ಬೇರೆಯವರಾ ಅನ್ನುವ ವಾದ ಇನ್ನೂ ನಿಂತಿಲ್ಲ.

ಗದ್ದೆಗೆ ಹೊಡೆಯೋ ಔಷಧಿಯಿಂದ ಗಂಡು ಕಪ್ಪೆಗಳಿಗೆ ತೊಂದರೆ ಇದೆಯಾ?

ಅಮೆರಿಕದ ಫ್ಲೋರಿಡಾದಲ್ಲಿ ಕೇನ್ ಟೋಡ್ ಅನ್ನುವ ದೊಡ್ಡ ನೆಲಗಪ್ಪೆಯ ಮೇಲೆ ಮಾಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸುತ್ತ ಹೊಲಗದ್ದೆ ಜಾಸ್ತಿ ಇದ್ದಷ್ಟೂ ಗಂಡುಗಳ ಜನನಾಂಗದಲ್ಲಿ ಏರುಪೇರು ಜಾಸ್ತಿ ಕಂಡಿತು. ವೃಷಣದ ಜೊತೆ ಅಂಡಾಶಯದ ಭಾಗ, ಹೆಣ್ಣಿನಂಥ ಚುಕ್ಕೆ ಬಣ್ಣ, ಸಣಕಲು ತೋಳು, ಕಡಿಮೆ ಬೆರಳ ಮಚ್ಚೆ, ಕಡಿಮೆ ಟೆಸ್ಟೋಸ್ಟಿರಾನ್. ಒಂದು ಮಾತು ನೆನಪಿಡಿ. ಬಿಡರ್ ಅಂಗ ಇರುವುದು ಆರೋಗ್ಯ, ಅದನ್ನೇ ನೋಡಿ 'ಔಷಧಿಯಿಂದ ಹೆಣ್ಣಾಗಿದೆ' ಅನ್ನಬಾರದು. ಅದರ ಹೊರತಾಗಿ ವ್ಯತ್ಯಾಸ ಇದೆಯಾ ಅಂತ ನೋಡಬೇಕು. ನನಗಂತೂ, ಗೊದಮೊಟ್ಟೆ ಇರುವ ಹೊಂಡದ ಪಕ್ಕದಲ್ಲಿ ಔಷಧಿ ಡಬ್ಬ ತೊಳೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊಟ್ಟೆ ಇಡದೆ ಮರಿ ಹಾಕೋ ನೆಲಗಪ್ಪೆ ಇದೆಯಂತೆ. ಅಲ್ಲಿ ಗಂಡಿಗೆ ಅಂಗ ಇರುತ್ತಾ?

ಇಲ್ಲಿಯೂ ಇಲ್ಲ, ಅದೇ ಸೋಜಿಗ. ತಾಂಜಾನಿಯಾದ ಕಿಹಾನ್ಸಿ ಕಣಿವೆಯಲ್ಲಿ ಜಲಪಾತದ ತುಂತುರಿನಲ್ಲಿ ಮಾತ್ರ ಬದುಕುತ್ತಿದ್ದ ಒಂದು ಪುಟಾಣಿ ನೆಲಗಪ್ಪೆ ಇದೆ. ಹೆಬ್ಬೆರಳ ಉಗುರಿನ ಆಸುಪಾಸಿನ ಗಾತ್ರ, ಅರಿಸಿನದ ಬಣ್ಣ. ಇದರಲ್ಲಿ ಗಂಡು ತನ್ನ ರಂಧ್ರವನ್ನು ಹೆಣ್ಣಿನ ರಂಧ್ರಕ್ಕೆ ಒತ್ತಿ ವೀರ್ಯವನ್ನು ಒಳಗೆ ದಾಟಿಸುತ್ತದೆ. ಮರಿಗಳು ತಾಯಿಯ ಹೊಟ್ಟೆಯಲ್ಲೇ ಬೆಳೆದು ಪೂರ್ತಿ ಕಪ್ಪೆಗಳಾಗಿ ಹುಟ್ಟುತ್ತವೆ. ಮೇಲೆ ಅಣೆಕಟ್ಟು ಬಂದು ತುಂತುರು ಬಹುತೇಕ ನಿಂತಿತು, 2009ರಲ್ಲಿ ಕಾಡಿನಿಂದ ಅಳಿದುಹೋಗಿದೆ ಅಂತ ಘೋಷಿಸಿದರು. ಅದೃಷ್ಟಕ್ಕೆ ಮೊದಲೇ ಸುಮಾರು 500 ಕಪ್ಪೆಗಳನ್ನು ಅಮೆರಿಕದ ಮೃಗಾಲಯಗಳಿಗೆ ಒಯ್ದಿದ್ದರು. ಅವುಗಳ ಮರಿಗಳನ್ನು 2012ರಿಂದ ಅದೇ ಕಣಿವೆಗೆ ವಾಪಸ್ ಬಿಡಲು ಶುರು ಮಾಡಿದರು.

ಈಗ ಕಾಲೇಜಲ್ಲಿ ಡಿಸೆಕ್ಷನ್ ಇಲ್ಲ. ಬಿಡರ್ ಅಂಗ ನೋಡೋಕೆ ನಾನೇ ಒಂದು ಕಪ್ಪೆ ಕೊಯ್ಯಬಹುದಾ?

ಬೇಡ ಮಗೂ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ 2014ರಲ್ಲಿ ಡಿಸೆಕ್ಷನ್ ನಿಲ್ಲಿಸಲು ಹೇಳಿದ್ದು ಒಳ್ಳೆಯದೇ ಆಯಿತು. ನಮ್ಮ ಕಾಲದಲ್ಲಿ ರಾಶಿ ರಾಶಿ ಕಪ್ಪೆ ಕೊಯ್ದೆವು, ನೋಡಬೇಕಾದ್ದನ್ನೇ ಕೆರೆದು ಬಿಸಾಕಿದೆವು. ನಿಮ್ಮ ವಿಭಾಗದ ಕಪಾಟಿನಲ್ಲಿ ಹಳೆಯ ಸ್ಲೈಡುಗಳು, ಬಾಟಲಿಯಲ್ಲಿಟ್ಟ ಮಾದರಿಗಳು ಇರುತ್ತವೆ, ಅಟೆಂಡರ್ ಅಣ್ಣನನ್ನು ಕೇಳಿದರೆ ತೆಗೆದುಕೊಡುತ್ತಾರೆ. ವೃಷಣದ ಸ್ಲೈಡ್ ಸಿಕ್ಕರೆ ಅಂಚಿನಲ್ಲಿ ಹುಡುಕಿ. ಸಣ್ಣ ವೀರ್ಯಗೂಡುಗಳ ಪಕ್ಕದಲ್ಲಿ ದೊಡ್ಡ ದೊಡ್ಡ ದುಂಡನೆಯ ಕೋಶ, ಒಳಗೆ ಗುಂಡಗಿನ ಕೇಂದ್ರ ಕಂಡರೆ ಅದೇ.

ಹೊರಗಿನದ್ದೆಲ್ಲ ನೋಡಲು ಕೊಯ್ಯುವುದೇ ಬೇಕಿಲ್ಲ. ಜೂನ್‌ನಲ್ಲಿ ಜೋರು ಮಳೆ ಬಿದ್ದ ರಾತ್ರಿ, ಎಂಟು ಗಂಟೆಯ ಮೇಲೆ, ಟಾರ್ಚು ಮತ್ತು ಗಮ್‌ಬೂಟು ಹಾಕಿಕೊಂಡು ಹತ್ತಿರದ ಹೊಂಡಕ್ಕೆ ಹೋಗಿ. ಹಾವಿನ ಬಗ್ಗೆ ಎಚ್ಚರ, ಕಪ್ಪೆ ಇದ್ದಲ್ಲಿ ಅದೂ ಇರುತ್ತದೆ. ಬೆಳಕನ್ನು ನೇರ ಬಿಡದೆ ಪಕ್ಕಕ್ಕೆ ಹಿಡಿಯಿರಿ. ಗಂಟಲು ಉಬ್ಬಿಸಿ ಕೂಗುತ್ತಿರುವುದು ಒಂದು ಸಿಕ್ಕರೆ ಐದು ನಿಮಿಷ ಅಲುಗಾಡದೆ ನಿಲ್ಲಿ, ನಿಂತಿದ್ದ ಕೂಗು ಮತ್ತೆ ಶುರುವಾಗುತ್ತದೆ, ಆಗ ಅದರ ಕೈಬೆರಳು ನೋಡಿ.